ನಡುವಿನ ಸೆಕ್ಷನ್ನಿನ ಮಗನಿಗೆ ಎಂಜಿನಿಯರಿಂಗ್ ಸೀಟು ಸಿಗುತ್ತಾ? ಅನುಭವ ಇರೋರು ಹೇಳಿ

ಕೇಳಿದವರು: ಬನಶಂಕರಿಯ ಒಬ್ಬ ತಾಯಿ

ಮಗ ಸೆಕೆಂಡ್ ಪಿಯು, ಪಿಸಿಎಂಸಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್). ಹತ್ತನೇ ಕ್ಲಾಸಲ್ಲಿ 93 ಪರ್ಸೆಂಟ್ ಬಂತು ಅಂತ ಹೆಸರಿರೋ ಪ್ರೈವೇಟ್ ಕಾಲೇಜಿನ ಇಂಟಿಗ್ರೇಟೆಡ್ ಬ್ಯಾಚಿಗೆ (ಪಿಯು ಪಾಠದ ಜೊತೆಗೇ ಎಂಟ್ರೆನ್ಸ್ ಕೋಚಿಂಗು) ಸೇರಿಸಿದ್ವಿ. ಅಲ್ಲಿ ನೋಡಿದ್ರೆ ಅರ್ಧಕ್ಕರ್ಧ 95ರ ಮೇಲಿನವರೇ. ಟೆಸ್ಟ್ ಅಂಕ ನೋಡಿ ಸೆಕ್ಷನ್ ಬದಲಾಯಿಸ್ತಾ ಇರ್ತಾರೆ, ಇವನು ನಡುವಿನ ಸೆಕ್ಷನ್ನಿಂದ ಮೇಲಕ್ಕೆ ಹತ್ತಲೇ ಇಲ್ಲ. ಭಾನುವಾರದ ಟೆಸ್ಟ್ ಮುಗಿದ್ರೆ ನಮ್ಮ ಫೋನಿಗೆ ಮೆಸೇಜು: 420 ಮಕ್ಕಳಲ್ಲಿ 230ನೇ ರ‍್ಯಾಂಕು. ಮೊನ್ನೆ ಪೇರೆಂಟ್ಸ್ ಮೀಟಿಂಗಲ್ಲಿ, "ಒಳ್ಳೇ ಕಾಲೇಜು ಕಷ್ಟ, ಮ್ಯಾನೇಜ್‌ಮೆಂಟ್ ಸೀಟಿಗೆ ಈಗಿಂದಲೇ ದುಡ್ಡು ಹೊಂದಿಸ್ಕೊಳ್ಳಿ" ಅಂದ್ರು. ನಮ್ಮೆಜಮಾನ್ರಿಗೆ ಅಷ್ಟು ಶಕ್ತಿ ಇಲ್ಲ. ಹೀಗೆ ನಡುವೆ ಇದ್ದ ಮಕ್ಕಳ ಅಪ್ಪ ಅಮ್ಮಂದಿರು ಏನ್ ಮಾಡಿದ್ರಿ? ಸಮಾಧಾನ ಬೇಡ, ಇದ್ದಿದ್ದನ್ನ ಹೇಳಿ.

ವಿಜಯನಗರ, ನಿವೃತ್ತ ಫಿಸಿಕ್ಸ್ ಲೆಕ್ಚರರ್

ಮೇಡಂ, ಆ 230ನೇ ರ‍್ಯಾಂಕನ್ನ ಪಕ್ಕಕ್ಕಿಡಿ. ಕೆಇಎದವರು (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟು ಹಂಚುವಾಗ ಹುಡುಗ ಯಾವ ಕಾಲೇಜು, ಯಾವ ಸೆಕ್ಷನ್ನು, ಭಾನುವಾರದ ಟೆಸ್ಟಲ್ಲಿ ಎಷ್ಟನೆಯವನು ಅಂತ ಕೇಳೋದೇ ಇಲ್ಲ. ಎಂಜಿನಿಯರಿಂಗ್ ರ‍್ಯಾಂಕಿಗೆ ಬೇಕಾಗೋದು ಎರಡೇ. ಬೋರ್ಡಿನ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕಕ್ಕೆ ಅರ್ಧ ತೂಕ, ಅವರೇ ನಡೆಸೋ ಪ್ರವೇಶ ಪರೀಕ್ಷೆ ಸಿಇಟಿಯ ಅದೇ ಮೂರು ವಿಷಯಕ್ಕೆ ಇನ್ನರ್ಧ. ಸಿಇಟಿಗೆ ಈಚಿನ ವರ್ಷಗಳಲ್ಲಿ ಮೂರು ಲಕ್ಷಕ್ಕೂ ಮೇಲೆ ಅರ್ಜಿ ಬರ್ತಿದೆ (ಎಲ್ಲರೂ ಎಂಜಿನಿಯರಿಂಗಿಗೇ ಅಲ್ಲ ಅನ್ನಿ). ಸೋಸಿ ಸೋಸಿ ಮಕ್ಕಳನ್ನ ತುಂಬಿಕೊಂಡಿರೋ ಕಾಲೇಜಲ್ಲಿ ನಡುವೆ ಇರೋ ಹುಡುಗ ರಾಜ್ಯದ ಪಟ್ಟಿಯಲ್ಲೂ ನಡುವೆಯೇ ಇರ್ತಾನೆ ಅನ್ನೋದು ಸುಳ್ಳು.

ಒಂದು ಲೆಕ್ಕ ಹಾಕಿ ತೋರಿಸ್ತೀನಿ, ಪೇಪರ್ ಪೆನ್ನು ತಗೊಳ್ಳಿ. ಬೋರ್ಡು 300ಕ್ಕೆ, ಅದನ್ನ 50ಕ್ಕೆ ಇಳಿಸ್ತಾರೆ. ಸಿಇಟಿ 180ಕ್ಕೆ, ಅದನ್ನೂ 50ಕ್ಕೆ ಇಳಿಸ್ತಾರೆ. ಮೇಲಿನ ಸೆಕ್ಷನ್ ಹುಡುಗನೊಬ್ಬ ಜೆಇಇ (ಐಐಟಿ, ಎನ್ಐಟಿಗಳ ಪ್ರವೇಶ ಪರೀಕ್ಷೆ) ಗುಂಗಲ್ಲಿ ಬೋರ್ಡನ್ನ ಕಡೆಗಣಿಸಿ 225 ತೆಗೆದ, ಸಿಇಟಿಯಲ್ಲಿ 99 ಬಂತು ಅಂತಿಟ್ಕೊಳ್ಳಿ. 37.5 ಕೂಡಿಸು 27.5, ಒಟ್ಟು 65. ನಿಮ್ಮ ಮಗ ಬೋರ್ಡಲ್ಲಿ 276 ತೆಗೆದು ಸಿಇಟಿಯಲ್ಲಿ ಬರೀ 72 ತಗೊಂಡ್ರೂ 46 ಕೂಡಿಸು 20, ಒಟ್ಟು 66. ಸಿಇಟಿಯಲ್ಲಿ 27 ಅಂಕ ಹಿಂದೆ ಬಿದ್ದವನು ಪಟ್ಟಿಯಲ್ಲಿ ಮುಂದೆ. ಬೋರ್ಡಿನ 10 ಅಂಕ ಅಂದ್ರೆ ಸಿಇಟಿಯ 6 ಅಂಕಕ್ಕೆ ಸಮ. ಸಿಇಟಿಯಲ್ಲಿ 6 ಪ್ರಶ್ನೆ ಹೆಚ್ಚು ಸರಿ ಮಾಡೋಕೆ ಸಾಧಾರಣ ಹುಡುಗ ಎಷ್ಟು ಒದ್ದಾಡಬೇಕು ಅಂತ ನನಗೆ ಗೊತ್ತು. ಬೋರ್ಡಲ್ಲಿ 10 ಅಂಕ ಡೆರಿವೇಶನ್ನು ಬಾಯಿಪಾಠ ಮಾಡಿ, ಸರ್ಕ್ಯೂಟ್ ಡಯಾಗ್ರಮ್ಮು ನೀಟಾಗಿ ಬರೆದ್ರೆ ಬರುತ್ತೆ. ಫಿಸಿಕ್ಸಲ್ಲೂ ಕೆಮಿಸ್ಟ್ರಿಯಲ್ಲೂ 30 ಅಂಕ ಪ್ರಾಕ್ಟಿಕಲ್ಲಿಗಿದೆ, ಮ್ಯಾಥ್ಸಲ್ಲಿ 20 ಇಂಟರ್ನಲ್ಸ್. ಇಂಟಿಗ್ರೇಟೆಡ್ ಬ್ಯಾಚಿನ ಎಷ್ಟೋ ಮಕ್ಕಳು ಲ್ಯಾಬ್ ರೆಕಾರ್ಡನ್ನ ಕಡೇ ವಾರದಲ್ಲಿ ಗೆಳೆಯನದ್ದು ನೋಡಿ ಗೀಚಿ ತರ್ತಾರೆ. ಇವನದ್ದು ಎಲ್ಲಿವರೆಗೆ ಬಂದಿದೆ, ಇವತ್ತೇ ತೆಗೆಸಿ ನೋಡಿ.

ಇನ್ನೊಂದು ವಿಷಯ ಯಾರೂ ಹೇಳಿಕೊಡಲ್ಲ. ಭಾನುವಾರದ ಟೆಸ್ಟು ಜೆಇಇ ಮಾದರಿ: ಸರಿಗೆ ನಾಲ್ಕು, ತಪ್ಪಿಗೆ ಒಂದು ಕಟ್. ಎರಡು ವರ್ಷ ಅದನ್ನೇ ಬರೆದ ಹುಡುಗ, ಗೊತ್ತಿಲ್ಲದ್ದನ್ನ ಬಿಟ್ಟು ಮುಂದೆ ಹೋಗೋದನ್ನ ರೂಢಿ ಮಾಡ್ಕೊಂಡಿರ್ತಾನೆ. ಸಿಇಟಿಯಲ್ಲಿ ನೆಗೆಟಿವ್ ಮಾರ್ಕಿಂಗ್ ಇಲ್ಲ. ಆದ್ರೂ ಹಳೇ ರೂಢಿಯಲ್ಲೇ ಓಎಂಆರ್ ಶೀಟಲ್ಲಿ ಹತ್ತು ಹನ್ನೆರಡು ಪ್ರಶ್ನೆ ಖಾಲಿ ಬಿಟ್ಟು ಬಂದ ಮಕ್ಕಳನ್ನ ಕಣ್ಣಾರೆ ಕಂಡಿದ್ದೀನಿ. 60 ಪ್ರಶ್ನೆಗೆ ಇರೋದು 80 ನಿಮಿಷ. ಹಳೇ ಸಿಇಟಿ ಪೇಪರುಗಳನ್ನ ಗಡಿಯಾರ ಇಟ್ಟು, ಒಂದೂ ಖಾಲಿ ಬಿಡದೆ ಮಾಡಿಸಿ. ಜನವರಿಯ ಜೆಇಇ ಮೇನ್ ಬರೀಲಿ, ಬೇಡ ಅನ್ನಲ್ಲ. ಅದು ಮುಗಿದ ಮೇಲೆ ಏಪ್ರಿಲ್ ಸೆಷನ್ನಿಗೆ ಅಂತ ಬೋರ್ಡನ್ನ ಬಲಿ ಕೊಡೋದು ಮಾತ್ರ ಬೇಡ.

ನಾಗರಭಾವಿ, ಮಗಳು ಈಗ ಎರಡನೇ ವರ್ಷ ಬಿಇ

ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮವಳೂ ನಡುವಿನ ಸೆಕ್ಷನ್ನೇ. ಆದ್ರೆ ಅಕ್ಕಾ, ರ‍್ಯಾಂಕ್ ಬಂದ ಮೇಲೂ ಅರ್ಧ ಕೆಲಸ ಬಾಕಿ ಇರುತ್ತೆ, ಅದು ಆಪ್ಷನ್ ಎಂಟ್ರಿ, ಅಂದ್ರೆ ಬೇಕಾದ ಕಾಲೇಜು, ಬ್ರಾಂಚುಗಳನ್ನ ಕ್ರಮವಾಗಿ ತುಂಬೋದು. ನಮ್ಮ ಓಣಿಯಲ್ಲೇ ನೋಡಿದ್ದೀನಿ, ಮಗಳಿಗಿಂತ ಒಳ್ಳೇ ರ‍್ಯಾಂಕಿನ ಹುಡುಗ "ಇದು ನಂಗೆ ಸಿಗಲ್ಲ ಬಿಡಿ" ಅಂತ ಮೇಲಿನ ಕಾಲೇಜುಗಳನ್ನ ಹಾಕಲೇ ಇಲ್ಲ. ಹಾಕಿದ್ರೆ ಕಳ್ಕೊಳ್ಳೋದೇನಿತ್ತು? ಪಟ್ಟಿಯಲ್ಲಿ ಮೇಲಿಂದ ಕೆಳಕ್ಕೆ ನೋಡ್ಕೊಂಡು ಬರ್ತಾರೆ, ನಿಮ್ಮ ರ‍್ಯಾಂಕಿಗೆ ಮೊದಲು ಸಿಕ್ಕಿದ್ದನ್ನ ಕೊಡ್ತಾರೆ. ಆಸೆಯದ್ದು ಮೇಲೆ, ನಂಬಿಕೆಯದ್ದು ನಡುವೆ, ಕೈಬಿಡದೇ ಇರೋದು ಕೆಳಗೆ.

ನಾವು ಮಾಡಿದ್ದು ಇಷ್ಟು. ಕೆಇಎ ವೆಬ್‌ಸೈಟಲ್ಲಿ ಹಿಂದಿನ ವರ್ಷಗಳ ಕಟಾಫ್ ಇರುತ್ತೆ, ಕಾಲೇಜುವಾರು, ಕೆಟಗರಿವಾರು. 200 ಪೇಜಿನ ನೋಟ್‌ಬುಕ್ಕಲ್ಲಿ ಗೆರೆ ಹಾಕಿ, ಎಡಕ್ಕೆ ಇ ಇಂದ ಶುರುವಾಗೋ ಕಾಲೇಜ್ ಕೋಡು, ಪಕ್ಕದಲ್ಲಿ ಬ್ರಾಂಚು, ಅದರ ಪಕ್ಕ ಹೋದ ವರ್ಷ ಕಡೇ ರೌಂಡಲ್ಲಿ ಮುಚ್ಚಿದ ರ‍್ಯಾಂಕು. ಯಜಮಾನ್ರು ಓದೋರು, ನಾನು ಬರೆಯೋಳು, ಮಗಳು "ಇದು ಮೇಲೆ, ಅದು ಕೆಳಗೆ" ಅಂತ ಬಾಣ ಎಳೆಯೋಳು. ಮಾಕ್ ಅಲಾಟ್‌ಮೆಂಟ್ (ನಿಜವಾದ ಹಂಚಿಕೆಗೆ ಮುಂಚಿನ ಅಣಕು ಹಂಚಿಕೆ) ಬಂದಾಗ ಎಲ್ಲಿ ನಿಂತಿದ್ದೀವಿ ಅಂತ ಗೊತ್ತಾಯ್ತು, ಕ್ರಮ ಬದಲಾಯಿಸಿದ್ವಿ. ಮೊದಲ ರೌಂಡಲ್ಲಿ ಸಿಕ್ಕಿದ್ದನ್ನ ಚಾಯ್ಸ್ ಎರಡು ಕೊಟ್ಟು ಹಿಡ್ಕೊಂಡೇ ಮುಂದಿನ ರೌಂಡಿಗೆ ಹೋದ್ವಿ. ಚಾಯ್ಸ್ ಮೂರು ಕೊಟ್ರೆ ಕೈಯಲ್ಲಿರೋ ಸೀಟು ಹೋಗುತ್ತೆ, ಅಲ್ಲಿ ಮಾತ್ರ ಹುಷಾರು.

ಬೆಂಗಳೂರೇ ಬೇಕು, ಕಂಪ್ಯೂಟರ್ ಸೈನ್ಸೇ ಬೇಕು, ಹೆಸರಿರೋ ಕಾಲೇಜೇ ಬೇಕು ಅಂತ ಮೂರಕ್ಕೂ ಹಠ ಹಿಡಿದ್ರೆ ನಡುವಿನ ರ‍್ಯಾಂಕಿನವರಿಗೆ ಆಗಲ್ಲ. ಒಂದನ್ನ ಬಿಡಲೇಬೇಕು. ನಾವು ಬೆಂಗಳೂರು ಬಿಟ್ವಿ. ತುಮಕೂರಿನ ಸಿದ್ಧಗಂಗಾದಲ್ಲಿ ಇಸಿ (ಎಲೆಕ್ಟ್ರಾನಿಕ್ಸ್) ಸಿಕ್ತು. ಶನಿವಾರ ರೈಲು ಹತ್ತಿ ಬಂದ್ಬಿಡ್ತಾಳೆ. ಮೈಸೂರಿನ ಎನ್‌ಐಇ, ಎಸ್‌ಜೆಸಿಇ, ಮಂಡ್ಯದ ಪಿಇಎಸ್, ಹಾಸನದ ಮಲ್ನಾಡ್, ಹುಬ್ಬಳ್ಳಿಯ ಕೆಎಲ್ಇ ಎಲ್ಲ ಹಳೇ ಕಾಲೇಜುಗಳೇ. ಬೆಂಗಳೂರಿನವರಿಗೆ ನೈಸ್ ರೋಡ್ ದಾಟಿದ್ರೆ ಕಾಲೇಜೇ ಇಲ್ಲ ಅನ್ನೋ ಭ್ರಮೆ ಒಂದಿದೆ. ಹಾಗೇ ಊರೊಳಗಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜು, ಯುವಿಸಿಇಯನ್ನೂ ಮರೀಬೇಡಿ. 1917ರಿಂದ ಇರೋದು, ಸರ್ಕಾರಿ ಫೀಸು.

ರಾಜಾಜಿನಗರ, ಇಬ್ಬರು ಗಂಡುಮಕ್ಕಳ ತಂದೆ

ನಾನು ಸ್ವಲ್ಪ ಬೇರೆ ಹೇಳ್ತೀನಿ. ಎಲ್ಲ ಮಕ್ಕಳಿಗೂ ಬೋರ್ಡಲ್ಲಿ 276 ಬರಲ್ಲ ಸರ್. ನನ್ನ ಎರಡನೆಯವನು ಬರವಣಿಗೆಯಲ್ಲಿ ಸೋಮಾರಿ, ಟಿಕ್ ಹಾಕೋದ್ರಲ್ಲಿ ಚುರುಕು. ಅಂಥವರಿಗೆ ಪ್ರೈವೇಟ್ ಕಾಲೇಜುಗಳ ಒಕ್ಕೂಟದ ಪ್ರವೇಶ ಪರೀಕ್ಷೆ ಕಾಮೆಡ್‌ಕೆ ಇದೆ. ಪಿಸಿಎಂನಲ್ಲಿ 45 ಪರ್ಸೆಂಟ್ ಇದ್ದು ಅರ್ಹತೆ ದಾಟಿದ್ರೆ ಸಾಕು (ಮೀಸಲಾತಿಯವರಿಗೆ 40), ರ‍್ಯಾಂಕು ಪೂರ್ತಿ ಆ ಪರೀಕ್ಷೆಯದ್ದೇ. ಮೂರು ಗಂಟೆ, 180 ಪ್ರಶ್ನೆ, ಕಂಪ್ಯೂಟರಲ್ಲಿ, ಇಲ್ಲೂ ನೆಗೆಟಿವ್ ಇಲ್ಲ. ಆದ್ರೆ ದೇಶದ ಎಲ್ಲ ಕಡೆಯಿಂದ ಬಂದು ಬರೀತಾರೆ, ಫೀಸು ಸಿಇಟಿ ಸೀಟಿಗಿಂತ ಎಷ್ಟೋ ಜಾಸ್ತಿ. ನಾವು ಸಾಲ ಮಾಡಿಯೇ ಕಟ್ತಿದ್ದೀವಿ, ಮುಚ್ಚಿಡೋದೇನು. ಆದ್ರೂ ಮ್ಯಾನೇಜ್‌ಮೆಂಟ್ ಸೀಟಿನ ರೇಟು ಕೇಳಿದ್ಮೇಲೆ ಇದೇ ವಾಸಿ ಅನ್ನಿಸ್ತು.

ರಿಸಲ್ಟ್ ಬರೋಕೆ ಮುಂಚೆ ಫೋನುಗಳು ಶುರುವಾಗುತ್ತೆ, ನಂಬರ್ ಎಲ್ಲಿಂದ ಸಿಗುತ್ತೋ ದೇವರಿಗೇ ಗೊತ್ತು. "ಸರ್, ಸಿಎಸ್ ಎರಡೇ ಸೀಟ್ ಉಳಿದಿದೆ, ಇವತ್ತು ಅಡ್ವಾನ್ಸ್ ಹಾಕಿದ್ರೆ ಬ್ಲಾಕ್ ಮಾಡ್ತೀನಿ." ನಮಗೆ ಫೋನ್ ಮಾಡಿದವನು ದೊಡ್ಡವನ ಸಲ ಹೇಳಿದ್ದ ಮಾತನ್ನೇ ಚಿಕ್ಕವನ ಸಲವೂ ಹೇಳಿದ, ಅದೇ ಎರಡು ಸೀಟು! ಏಜೆಂಟರ ಕೈಗೆ ದುಡ್ಡೂ ಕೊಡಬೇಡಿ, ಒರಿಜಿನಲ್ ಮಾರ್ಕ್ಸ್ ಕಾರ್ಡೂ ಕೊಡಬೇಡಿ. ಕಾಲೇಜುಗಳೇ ಮೂಲ ದಾಖಲೆ ಇಟ್ಕೊಳ್ಳೋ ಹಾಗಿಲ್ಲ ಅಂತ ಯುಜಿಸಿ 2018ರಲ್ಲೇ ಹೇಳಿದೆ. ನಿಮಗೆ "ದುಡ್ಡು ಹೊಂದಿಸ್ಕೊಳ್ಳಿ" ಅಂದ್ರಲ್ಲ, ಆ ಮಾತು ಯಾಕೆ ಬಂತು ಅಂತ ಒಂದ್ಸಲ ಯೋಚನೆ ಮಾಡಿ ಮೇಡಂ.

ಮಲ್ಲೇಶ್ವರ, ವಿದ್ಯಾರ್ಥಿನಿ

ಆಂಟಿ, ನಾನೂ ಅಂಥದ್ದೇ ಒಂದು ಕಾಲೇಜಲ್ಲಿ ಓದಿದ್ದು. ನಮ್ಮಲ್ಲಿ ಟಾಪ್ ಬ್ಯಾಚಿಗೆ ಬೇರೆ ಮಹಡಿ, ಬೇರೆ ಲೆಕ್ಚರರ್ಸ್. ನಾವು ಲಿಫ್ಟಲ್ಲಿ ಆ ಮಹಡಿ ಬಟನ್ ಒತ್ತೋಕೂ ಹೆದರ್ತಿದ್ವಿ. ಎರಡು ವರ್ಷದಲ್ಲಿ ನನಗೆ ಮ್ಯಾಥ್ಸ್ ಬರಲ್ಲ ಅಂತಲೇ ನಂಬಿಸಿಬಿಟ್ಟಿದ್ರು. ಬರ್ತಿತ್ತು, ಅವರ ಸ್ಪೀಡಿಗೆ ಬರ್ತಿರಲಿಲ್ಲ ಅಷ್ಟೇ. ಸಿಯುಇಟಿ (ಕೇಂದ್ರೀಯ ಯೂನಿವರ್ಸಿಟಿಗಳ ಪ್ರವೇಶ ಪರೀಕ್ಷೆ) ಬರೆದು ಈಗ ಎಕನಾಮಿಕ್ಸ್ ಓದ್ತಿದ್ದೀನಿ, ದಿನಾ ಮ್ಯಾಥ್ಸೇ. ಅವನಿಗೆ ಎಂಜಿನಿಯರಿಂಗೇ ಇಷ್ಟಾನಾ ಅಂತ ಒಂದ್ಸಲ ಕೇಳಿ. ಇಷ್ಟ ಅಂದ್ರೆ ಮೇಲಿನವರು ಹೇಳಿದ ಹಾಗೆ ಮಾಡಿ. ಇಲ್ಲ ಅಂದ್ರೆ ಬಿಎಸ್ಸಿಯೂ ಇದೆ, 2024ರಿಂದ ಕರ್ನಾಟಕದಲ್ಲಿ ಮತ್ತೆ ಮೂರು ವರ್ಷದ ಡಿಗ್ರಿ. ಅಜೀಂ ಪ್ರೇಮ್‌ಜಿ ಯೂನಿವರ್ಸಿಟಿಯವರು ಅವರದ್ದೇ ಪರೀಕ್ಷೆ ಮಾಡ್ತಾರೆ, ಕಡಿಮೆ ಆದಾಯದವರಿಗೆ ಸ್ಕಾಲರ್‌ಶಿಪ್ ಕೊಡ್ತಾರೆ. ಮತ್ತೆ ಆ ಭಾನುವಾರದ ಮೆಸೇಜನ್ನ ಅವನ ಎದುರಿಗೆ ಓದ್ಬೇಡಿ ಪ್ಲೀಸ್. ಅವನಿಗೆ ಆಗಲೇ ಗೊತ್ತಿರುತ್ತೆ.

ಕೇಳಿದವರು, ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲ್ಯಾಬ್ ರೆಕಾರ್ಡ್ ತೆಗೆಸಿದೆ ಸರ್, ಕೆಮಿಸ್ಟ್ರಿಯಲ್ಲಿ ಮೂರು ಪ್ರಯೋಗ ಬರೆದೇ ಇಲ್ಲ! ಇನ್ನೊಂದು ಕೇಳ್ಬೇಕಿತ್ತು. ನಾವು ಜನರಲ್ ಮೆರಿಟ್, ವರ್ಷದ ಆದಾಯ ಎಂಟು ಲಕ್ಷದೊಳಗೆ. ಏನಾದ್ರೂ ಅನುಕೂಲ ಇದೆಯಾ?

ನಾಗರಭಾವಿ

ಇದೆ ಅಕ್ಕಾ, ಸೂಪರ್ ನ್ಯೂಮರರಿ ಕೋಟಾ, ಎಸ್‌ಎನ್‌ಕ್ಯೂ ಅಂತಾರೆ. ಕಾಲೇಜಿನ ಸೀಟುಗಳ ಮೇಲೆ ಹೆಚ್ಚುವರಿಯಾಗಿ ಶೇ. 5ರಷ್ಟು, ಟ್ಯೂಷನ್ ಫೀಸ್ ಮಾಫಿ. ಬೇರೆ ಫೀಸುಗಳು ಇದ್ದೇ ಇರುತ್ತೆ. ಸೀಟು ಕಡಿಮೆ ಇರೋದ್ರಿಂದ ಪೈಪೋಟಿ ಜೋರು. ಸಿಇಟಿ ಅರ್ಜಿ ತುಂಬುವಾಗಲೇ ಕ್ಲೇಮ್ ಮಾಡ್ಬೇಕು, ಅದಕ್ಕೆ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಬೇಕು. ಈಗಲೇ ನಾಡಕಚೇರಿಗೆ ಹೋಗಿ ಮಾಡಿಸಿಟ್ಕೊಳ್ಳಿ, ಅರ್ಜಿ ಶುರುವಾದ ಮೇಲೆ ಅಲ್ಲಿ ಕಾಲಿಡೋಕೆ ಜಾಗ ಇರಲ್ಲ. ಹೆಸರಿನ ಸ್ಪೆಲಿಂಗು, ಇನಿಷಿಯಲ್ಲು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಇರೋ ಹಾಗೇ ಇದೆಯಾ ಅಂತ ಕೌಂಟರ್ ಬಿಟ್ಟು ಬರೋ ಮುಂಚೆ ನೋಡ್ಕೊಳ್ಳಿ.

ವಿಜಯನಗರ

ಒಂದರಿಂದ ಹತ್ತನೇ ತರಗತಿವರೆಗಿನ ಸ್ಟಡಿ ಸರ್ಟಿಫಿಕೇಟನ್ನೂ ಜೊತೆಗೇ ತೆಗೆಸಿಡಿ, ಏಳು ವರ್ಷ ಕರ್ನಾಟಕದಲ್ಲಿ ಓದಿದ್ದಕ್ಕೆ ಪುರಾವೆಯಾಗಿ ಬೇಕಾಗುತ್ತೆ. ಆ ಮೂರು ಪ್ರಯೋಗ ಈ ವಾರವೇ ಬರೆಸಿ ಮೇಡಂ, ಸಹಿ ಹಾಕಿಸ್ಕೊಂಡು ಬರಲಿ.