ನಮ್ಮ 60 ಮನೆಗಳಿಗೆ ನೀರಿನ ಅನುದಾನ ಯಾಕೆ ಸಿಗುತ್ತಿಲ್ಲ?

ಪ್ರಶ್ನೆ: ಎಲ್ಲರಿಗೂ ನಮಸ್ಕಾರ. ನಾವು ಇರುವುದು ಕ್ಯಾಲಿಫೋರ್ನಿಯಾದ ಟುಲೇರಿ ಕೌಂಟಿಯಲ್ಲಿ, ಸಿಟಿಯಿಂದಾಚೆ ಕಿತ್ತಳೆ ತೋಟಗಳ ಮಧ್ಯೆ. ಸುಮಾರು 60 ಮನೆ, ಎಲ್ಲರಿಗೂ ಒಂದೇ ಬೋರ್‌ವೆಲ್. ಈ ಸಲದ ರಿಪೋರ್ಟಿನಲ್ಲಿ ನೈಟ್ರೇಟ್ (ಗೊಬ್ಬರದಿಂದ ನೀರಿಗೆ ಇಳಿಯುವ ಅಂಶ) ಲೀಟರಿಗೆ 14 ಮಿಲಿಗ್ರಾಂ ಬಂದಿದೆ, ಮಿತಿ 10. ನೆರೆಹೊರೆಯವರು ಹೆಚ್ಚಾಗಿ ತೋಟದ ಕೂಲಿಗಳು, ಪ್ಯಾಕಿಂಗ್ ಶೆಡ್ಡಿನವರು. ರಾಜ್ಯದ ಹಣ ಕೇಳೋಣ ಅಂದರೆ, ನಮ್ಮದು ಕಡಿಮೆ ಆದಾಯದ ಊರಲ್ಲ ಅಂತಾರೆ. ಸೆನ್ಸಸ್ ಲೆಕ್ಕದಲ್ಲಿ ಇಲ್ಲಿನ ಆದಾಯ 81,000 ಡಾಲರ್ ಅಂತೆ! ನಾನು, ನಮ್ಮವರು ಇಬ್ಬರೂ ಆಸ್ಪತ್ರೆಯಲ್ಲಿ ಕೆಲಸ ಮಾಡ್ತೀವಿ. ನಮ್ಮ ಸಂಬಳದಿಂದಲೇ ಅವರಿಗೆ ಅನುದಾನ ತಪ್ಪುತ್ತಿದೆಯಾ? ಯೋಚನೆ ಮಾಡಿದರೆ ನಿದ್ದೆ ಬರ್ತಿಲ್ಲ.

ಉತ್ತರ: ಮೇಡಂ, ನಾನು ಇಲ್ಲಿ ಸಣ್ಣ ಊರುಗಳ ನೀರಿನ ಯೋಜನೆಗಳ ಎಂಜಿನಿಯರ್. ಮೊದಲು ಒಂದು ಮಾತು. ಆ ನೀರನ್ನು ಕುದಿಸಿದರೆ ಸರಿಹೋಗುತ್ತೆ ಅಂತ ನಂಬಬೇಡಿ. ನಮ್ಮ ಕಡೆ ನೀರಲ್ಲಿ ಏನೇ ಇದ್ದರೂ ಕುದಿಸಿ ಕುಡಿ ಅಂತೀವಿ ಅಲ್ವಾ? ನೈಟ್ರೇಟಿಗೆ ಅದು ಉಲ್ಟಾ. ನೀರು ಆವಿಯಾಗಿ ಹೋಗುತ್ತೆ, ನೈಟ್ರೇಟ್ ಪಾತ್ರೆಯಲ್ಲೇ ಉಳಿದು ಇನ್ನೂ ಗಟ್ಟಿಯಾಗುತ್ತೆ. ಎಳೆ ಮಗುವಿರುವ ಮನೆಗಳಿಗೆ ಇವತ್ತೇ ಹೋಗಿ ಹೇಳಿ. ಹಾಲಿನ ಪುಡಿ ಕಲಸುವುದಕ್ಕೂ ಆ ನೀರು ಬೇಡ.

ಈಗ ಆದಾಯದ ವಿಷಯ. ಯಾವ ಊರು ಬಡ ಊರು ಅನ್ನುವುದನ್ನು ಇಡೀ ಅಮೆರಿಕಕ್ಕೆ ಒಂದೇ ಗೆರೆ ಎಳೆದು ಹೇಳಿಲ್ಲ. 1996ರಲ್ಲಿ ಕುಡಿಯುವ ನೀರಿನ ಕಾಯ್ದೆ ತಿದ್ದಿದಾಗ ಅದನ್ನು ಆಯಾ ರಾಜ್ಯಗಳಿಗೇ ಬಿಟ್ಟರು. ಕ್ಯಾಲಿಫೋರ್ನಿಯಾದ ಗೆರೆ ಸರಳ: ಊರಿನ ಮೀಡಿಯನ್ ಆದಾಯ (ನಡುವಿನ ಮನೆಯ ಆದಾಯ) ರಾಜ್ಯದ ಮೀಡಿಯನ್‌ನ ಶೇ 80ಕ್ಕಿಂತ ಕಡಿಮೆ ಇರಬೇಕು. ಶೇ 60ಕ್ಕಿಂತ ಕೆಳಗಿದ್ದರೆ ತೀರಾ ಹಿಂದುಳಿದ ಊರು. 2018–2022ರ ಸೆನ್ಸಸ್ ಸರ್ವೆಯಲ್ಲಿ ರಾಜ್ಯದ ಅಂಕಿ 91,905 ಡಾಲರ್. ಅದರ ಶೇ 80 ಅಂದರೆ 73,524, ಶೇ 60 ಅಂದರೆ 55,143. ನಿಮ್ಮ 81,000 ಎರಡನ್ನೂ ದಾಟುತ್ತೆ. ಅರ್ಜಿ ಹಾಕುವಾಗ ಯಾವ ವರ್ಷದ ಅಂಕಿ ನಡೆಯುತ್ತದೆ ಅಂತ ಕೇಳಿಕೊಳ್ಳಿ.

ನಿಮ್ಮ ಸಂಬಳದ ಚಿಂತೆ ಬಿಟ್ಟುಬಿಡಿ. ಮೀಡಿಯನ್ ಅಂದರೆ ಸರಾಸರಿ ಅಲ್ಲ, ಸಾಲಾಗಿ ನಿಲ್ಲಿಸಿದಾಗ ನಡುವೆ ಬರುವ ಮನೆ. ಏಳು ಮನೆ ಇವೆ ಅಂದುಕೊಳ್ಳಿ: 28, 31, 36, 42, 47, 55, 140 ಸಾವಿರ. ನಡುವಿನದು 42. ಕೊನೆಯ ಮನೆಯವರ ಆದಾಯ 240 ಆದರೂ ನಡುವಿನದು 42 ಸಾವಿರವೇ. ಸರಾಸರಿ ಆಗಿದ್ದರೆ 54ರಿಂದ 68ಕ್ಕೆ ಹಾರುತ್ತಿತ್ತು. ನೀವು ಒಂದು ಮನೆಯಿಂದ 60 ಮನೆಗಳ ನಡುವನ್ನು ಎಳೆದಾಡಲು ಆಗುವುದಿಲ್ಲ.

ನನ್ನ ಅನುಮಾನ ಗಡಿಯ ಮೇಲೆ. ಸೆನ್ಸಸ್‌ನವರು ನಿಮ್ಮ 60 ಮನೆಗಳನ್ನು ಬೇರೆಯಾಗಿ ಲೆಕ್ಕ ಹಾಕಿರುವುದಿಲ್ಲ. ಹತ್ತಿರದಲ್ಲಿ ಯಾವುದಾದರೂ ಹೊಸ ಲೇಔಟ್ ಇದೆಯಾ?

ಪ್ರಶ್ನೆ: ಇದೆ ಸರ್! ರಸ್ತೆಯ ಆಚೆ ದೊಡ್ಡ ದೊಡ್ಡ ಮನೆಗಳು. ಅವರ ನೀರು ಸಿಟಿಯಿಂದ ಬರುತ್ತೆ, ನಮ್ಮ ಬೋರ್‌ವೆಲ್ಲಿಗೂ ಅವರಿಗೂ ಸಂಬಂಧವೇ ಇಲ್ಲ.

ಉತ್ತರ: ಹಾಗಾದರೆ ಅಲ್ಲೇ ಎಡವಟ್ಟಾಗಿರೋದು. ಎರಡನ್ನೂ ಒಂದೇ ಬ್ಲಾಕ್ ಗ್ರೂಪಿನಲ್ಲಿ, ಅಂದರೆ ಸೆನ್ಸಸ್‌ನವರು ಲೆಕ್ಕಕ್ಕೆ ಗೆರೆ ಹಾಕಿದ ಒಂದೇ ತುಂಡಿನಲ್ಲಿ, ಹಾಕಿರಬೇಕು. ಇದು ನನಗೆ ಯಾವಾಗಲೂ ಸಂಕಟ ಕೊಡುವ ಸಂಗತಿ. ಪೈಪ್ ಎಲ್ಲಿ ಮುಗಿಯುತ್ತದೋ ಅಲ್ಲಿಗೆ ಆ ನೀರು ಕುಡಿಯುವವರ ಊರು ಮುಗಿಯುತ್ತದೆ, ಆದರೆ ಆದಾಯದ ಅಂಕಿ ಬೇರೆ ಗಡಿ ಹಿಡಿದು ಬರುತ್ತದೆ. ಮೇಲಾಗಿ ಅದು ಸ್ಯಾಂಪಲ್ ಸರ್ವೆ. ಸಣ್ಣ ಜಾಗದಲ್ಲಿ ಕೇಳುವುದೇ ಕೆಲವೇ ಮನೆಗಳನ್ನು, ಹಾಗಾಗಿ ಅಂಕಿ ಸಾವಿರಾರು ಡಾಲರ್ ಆಚೀಚೆ ಇರಬಹುದು.

ಇದಕ್ಕೆ ದಾರಿ ಇದೆ. ನಿಮ್ಮ ಕನೆಕ್ಷನ್‌ಗಳ ಮನೆಗಳಲ್ಲಷ್ಟೇ ಆದಾಯ ಸರ್ವೆ ಮಾಡಿಸಿ. ನಿಮ್ಮ ಬೋರ್‌ವೆಲ್ ನೋಡಿಕೊಳ್ಳುವ ಕಮಿಟಿಯವರೇ ಮಾಡಬೇಡಿ, ಹೊರಗಿನ ತಟಸ್ಥ ಸಂಸ್ಥೆಯಿಂದ ಆಗಲಿ. ಶುರು ಮಾಡುವ ಮೊದಲೇ ಈ ಹಣ ಕೊಡುವ ಸ್ಟೇಟ್ ವಾಟರ್ ಬೋರ್ಡಿಗೆ ತಿಳಿಸಿ, ವಿಧಾನ ಒಪ್ಪಿಸಿಕೊಳ್ಳಿ. ಆಮೇಲೆ ಸರ್ವೆ ನಡೆಯಲ್ಲ ಅಂದುಬಿಟ್ಟರೆ ಪಟ್ಟ ಶ್ರಮವೆಲ್ಲ ನೀರಲ್ಲಿ ಹೋಮ. ಊರು ಚಿಕ್ಕದಾದಷ್ಟೂ ಹೆಚ್ಚು ಪಾಲು ಮನೆಗಳು ಉತ್ತರಿಸಬೇಕು. ಬಾಡಿಗೆಯವರನ್ನು ಬಿಡಬೇಡಿ, ಅವರೂ ಅದೇ ನೀರು ಕುಡಿಯುವವರು.

ಇನ್ನೊಬ್ಬ ಸದಸ್ಯರು: ಸರ್, ಇಷ್ಟೆಲ್ಲಾ ಓಡಾಡಿದರೆ ಲಾಭ ಏನು? ಹೇಗಿದ್ದರೂ ಸಾಲವೇ ತಾನೇ?

ಉತ್ತರ: ಇಲ್ಲ ಸರ್, ವ್ಯತ್ಯಾಸ ದೊಡ್ಡದು. 2021ರ ಫೆಡರಲ್ ಮೂಲಸೌಕರ್ಯ ಕಾಯ್ದೆಯಲ್ಲಿ ಕುಡಿಯುವ ನೀರಿನ ರಾಜ್ಯ ನಿಧಿಗೆ ಬಂದ ಹೆಚ್ಚುವರಿ ಹಣದ ಶೇ 49 ಪಾಲು ಅನುದಾನ ಅಥವಾ ಮನ್ನಾ ಆಗುವ ಸಾಲವಾಗಿ ಇಂಥ ಊರುಗಳಿಗೇ ಹೋಗಬೇಕು. ರಾಜ್ಯದಲ್ಲೂ 2019ರ ಎಸ್‌ಬಿ (ಸೆನೆಟ್ ಬಿಲ್) 200 ಕಾಯ್ದೆ ಇದೆ. ಅದರಲ್ಲಿ 2030ರವರೆಗೆ ವರ್ಷಕ್ಕೆ 13 ಕೋಟಿ ಡಾಲರ್‌ವರೆಗೆ ಸುರಕ್ಷಿತ ನೀರಿಗೆ ಇಟ್ಟಿದ್ದಾರೆ. ಶಾಶ್ವತ ಪರಿಹಾರ ಸಿಗುವವರೆಗೆ ಬಾಟಲಿ ನೀರಿಗೂ ಅದರಿಂದ ನೆರವು ಬರುತ್ತದೆ. ಕೇವಲ 60 ಮನೆಯವರು ಹೊಸ ಬಾವಿಯ ಪೂರ್ತಿ ಸಾಲ ಹೊತ್ತರೆ ತಿಂಗಳ ಬಿಲ್ ಎಷ್ಟಾಗುತ್ತೆ, ಯೋಚಿಸಿ. ಮೇಡಂ, ರಸ್ತೆಯಾಚೆ ಸಿಟಿ ಪೈಪ್ ಇರುವುದರಿಂದ ಅದಕ್ಕೇ ಸೇರಿಕೊಳ್ಳಬಹುದಾ ಅಂತಲೂ ಕೇಳಿ. ಅದು ಹೊಸ ಬಾವಿಗಿಂತ ಗಟ್ಟಿ ಪರಿಹಾರ ಆಗಬಹುದು.

ಪ್ರಶ್ನೆ: ಕೇಳ್ತೀನಿ ಸರ್. ಆದರೆ ಸರ್ವೆ ಅಂದರೆ ಕೆಲವರು ಬಾಗಿಲೇ ತೆಗೆಯಲ್ಲ. ಕಾಗದಪತ್ರ ಇಲ್ಲದವರಿದ್ದಾರೆ, ಹೆದರ್ತಾರೆ.

ಉತ್ತರ: ಹೆದರಿಕೆ ಸಹಜ, ಒತ್ತಾಯ ಬೇಡ. ಈ ಲೆಕ್ಕಕ್ಕೆ ಬೇಕಾಗಿರುವುದು ಮನೆಯಲ್ಲಿ ಎಷ್ಟು ಜನ, ವರ್ಷದ ಆದಾಯ ಎಷ್ಟು ಅನ್ನುವುದು. ವಲಸೆಯ ಕಾಗದ ಕೇಳುವ ಅಗತ್ಯವೇ ಇಲ್ಲ. ಪ್ರಶ್ನೆಗಳ ಹಾಳೆ ಸ್ಪ್ಯಾನಿಷ್‌ನಲ್ಲಿರಲಿ, ಅದರ ಮೇಲೆ ಹೆಸರು ಬೇಡ. ಒಬ್ಬೊಬ್ಬರ ಉತ್ತರ ನಿಮ್ಮ ಕಮಿಟಿಯ ಕೈಗೂ ಸಿಗಬಾರದು. ಇದನ್ನು ಆ ಸಂಸ್ಥೆಯಿಂದ ಬರಹದಲ್ಲಿ ತೆಗೆದುಕೊಂಡು ಮೊದಲು ಜನರಿಗೆ ತೋರಿಸಿ. ಕೂಲಿ ಮುಗಿಸಿ ಬರುವ ಹೊತ್ತಿಗೆ, ಅವರಿಗೆ ಪರಿಚಯವಿರುವ ಒಬ್ಬರ ಜೊತೆ ಹೋದರೆ ಬಾಗಿಲು ತೆಗೆಯುತ್ತಾರೆ.

ನಿಮ್ಮ ಪೈಪ್‌ಲೈನ್ ನಕ್ಷೆ ಇದ್ದರೆ ಇಲ್ಲಿ ಹಾಕಿ. ಸೆನ್ಸಸ್ ಗಡಿಯನ್ನು ಅದರ ಮೇಲೆ ಎಳೆದು ಈ ಭಾನುವಾರ ಕಳಿಸ್ತೀನಿ.