ನಾಯಿಗೆ, ಬೆಕ್ಕಿಗೆ ಇನ್ಶೂರೆನ್ಸ್: ಯಾವ ಪಾಲಿಸಿ ತಗೊಳ್ಳಲಿ?

ಗುಂಡನ ಅಮ್ಮ

ನಮ್ಮ ಮನೆಯಲ್ಲಿ 2 ವರ್ಷದ ಲ್ಯಾಬ್ರಡಾರ್ ಗುಂಡ ಇದ್ದಾನೆ, 9 ವರ್ಷದ ಬೆಕ್ಕು ಮಿನ್ನಿ ಇದ್ದಾಳೆ. ಮೊನ್ನೆ ಪಕ್ಕದ ಮನೆಯವರ ನಾಯಿ ಏನೋ ನುಂಗಿ ಹೊಟ್ಟೆ ಆಪರೇಷನ್ ಆಯಿತು. ಬಿಲ್ ನೋಡಿದಾಗಿನ ಅವರ ಮುಖ ಇನ್ನೂ ಕಣ್ಣ ಮುಂದೆ ಇದೆ. ಅವತ್ತಿನಿಂದ ಇನ್ಶೂರೆನ್ಸ್ ಹುಡುಕುತ್ತಾ ಕೂತಿದ್ದೇನೆ, ಓದಿದಷ್ಟೂ ತಲೆ ಕೆಡುತ್ತಿದೆ.

ಮೂರು ಥರ ಇದೆ. ಒಂದು ಬರೀ ಅಪಘಾತಕ್ಕೆ, ಅದು ಅಗ್ಗ. ಇನ್ನೊಂದು ಅಪಘಾತ, ಕಾಯಿಲೆ ಎರಡಕ್ಕೂ. ಮೂರನೆಯದರಲ್ಲಿ ಲಸಿಕೆ, ಹುಳದ ಔಷಧಿ, ವರ್ಷದ ಚೆಕಪ್ ಕೂಡ ಸೇರಿದೆ, ಪ್ರೀಮಿಯಂ ಜಾಸ್ತಿ. ಫೋನ್ ಮಾಡಿ ಕೇಳಿದರೆ "ಎಲ್ಲಾ ಕವರ್ ಆಗುತ್ತೆ ಮೇಡಂ" ಅನ್ನುತ್ತಾರೆ. ಹಾಗೆ ಅಂದಾಗಲೇ ನನಗೆ ಅನುಮಾನ ಶುರುವಾಗಿದ್ದು.

ಇನ್ನೊಂದು ವಿಷಯ. ಹೋದ ವರ್ಷ ಗುಂಡ ಎರಡು ದಿನ ಹಿಂದಿನ ಎಡಗಾಲು ಕುಂಟುತ್ತಿದ್ದ. ಡಾಕ್ಟರಿಗೆ ತೋರಿಸಿದೆವು, ಸರಿಹೋಯಿತು. ಇದನ್ನು ಫಾರಂನಲ್ಲಿ ಬರೆಯಬೇಕಾ? ಗೆಳತಿಯೊಬ್ಬಳು "ಸುಮ್ನೆ ಇರು, ಯಾರಿಗೆ ಗೊತ್ತಾಗುತ್ತೆ" ಅಂದಳು.

ರಾಜನ ಹಗ್ಗ ಹಿಡಿದವನು

ಗೆಳತಿ ಮಾತು ಕೇಳಬೇಡಿ. ಬರೆಯಿರಿ. ದೊಡ್ಡ ಕ್ಲೇಮ್ ಬಂದ ದಿನ ಅವರು ಮೊದಲು ಕೇಳುವುದೇ ಡಾಕ್ಟರ ಹತ್ತಿರ ಇರುವ ಹಳೆಯ ದಾಖಲೆ, ಆಗ ಮುಚ್ಚಿಟ್ಟಿದ್ದು ಗೊತ್ತಾದರೆ ಆ ಒಂದು ಕ್ಲೇಮ್ ಮಾತ್ರ ಅಲ್ಲ, ಇಡೀ ಪಾಲಿಸಿಯನ್ನೇ ರದ್ದು ಮಾಡಬಹುದು. ಅಷ್ಟು ದಿನ ಕಟ್ಟಿದ ದುಡ್ಡು ನೀರಿಗೆ ಹಾಕಿದ ಹಾಗೆ.

ನನ್ನ ಕಥೆ ಕೇಳಿ. ನಮ್ಮ ರಾಜನಿಗೆ ಬಲ ಮಂಡಿಯ ಲಿಗಮೆಂಟ್ ಹರಿದು ಆಪರೇಷನ್ ಆಯಿತು. ಪೂರ್ತಿ ಕೈಯಿಂದ ಕೊಟ್ಟೆ. ಬುದ್ಧಿ ಬಂತು ಅಂದುಕೊಂಡು ಪಾಲಿಸಿ ಮಾಡಿಸಿದೆ. ಬಲಗಾಲಿಗೆ ಕೊಡುವುದಿಲ್ಲ ಅಂದರು, ಅದು ಹಳೆಯ ತೊಂದರೆ, ಒಪ್ಪಿಕೊಂಡೆ. ಒಂದೂವರೆ ವರ್ಷ ಆದ ಮೇಲೆ ಎಡಗಾಲಿನದೂ ಹರಿಯಿತು. ಕ್ಲೇಮ್ ಹಾಕಿದರೆ ಇಲ್ಲ ಅಂದರು! ಪಾಲಿಸಿ ತೆಗೆದು ನೋಡಿದರೆ ಒಂದು ಸಾಲು ಇದೆ: ಜೋಡಿ ಅಂಗದಲ್ಲಿ ಒಂದಕ್ಕೆ ಮೊದಲೇ ತೊಂದರೆ ಇದ್ದರೆ ಇನ್ನೊಂದನ್ನೂ ಹಳೆಯ ತೊಂದರೆ ಎಂದೇ ಎಣಿಸುತ್ತಾರೆ. ಮಂಡಿ, ಸೊಂಟ, ಕಣ್ಣು, ಕಿವಿ ಎಲ್ಲಕ್ಕೂ. ಒಂದು ಮಂಡಿಯ ಲಿಗಮೆಂಟ್ ಹರಿದ ನಾಯಿಗೆ ಇನ್ನೊಂದೂ ಹರಿಯುವುದು ತೀರಾ ಸಾಮಾನ್ಯ ಅಂತ ಆಮೇಲೆ ಡಾಕ್ಟರ್ ಹೇಳಿದರು. ಕಂಪನಿಗೆ ಅದು ಮೊದಲೇ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ, ಅಷ್ಟೇ.

ಅದಕ್ಕೇ ಹೇಳುವುದು, ಏನು ಕೊಡುತ್ತಾರೆ ಅನ್ನುವ ಪುಟ ಬಿಟ್ಟು ಏನು ಕೊಡುವುದಿಲ್ಲ ಅನ್ನುವ ಪುಟ ಮೊದಲು ಓದಿ. ವೇಟಿಂಗ್ ಪೀರಿಯಡ್ ಕೂಡ ನೋಡಿ, ಅಂದರೆ ಪಾಲಿಸಿ ಶುರುವಾದ ಮೇಲೆ ಕ್ಲೇಮ್ ಸಿಗದ ಮೊದಲ ದಿನಗಳು. ಅಪಘಾತಕ್ಕೆ ಕೆಲವೇ ದಿನ ಇರುತ್ತದೆ, ಕಾಯಿಲೆಗೆ ಎಷ್ಟೋ ಕಡೆ 14 ದಿನ, ಮಂಡಿ ಸೊಂಟದ ತೊಂದರೆಗೆ ಕೆಲವು ಪಾಲಿಸಿಗಳಲ್ಲಿ 6 ತಿಂಗಳು.

ಕ್ಲಿನಿಕ್ ಕೌಂಟರ್

ನಾನು ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ಕೌಂಟರ್ ನೋಡಿಕೊಳ್ಳುತ್ತೇನೆ. ಕ್ಲೇಮ್ ಫಾರಂ ತುಂಬಿ ತುಂಬಿ ಕೈ ಸವೆದಿದೆ.

ಗುಂಡನಿಗೆ ಬರೀ ಅಪಘಾತದ ಪಾಲಿಸಿ ಸಾಲದು. ಲ್ಯಾಬ್ರಡಾರ್‌ಗಳಿಗೆ ಸೊಂಟದ ಕೀಲು, ಮೊಣಕೈ ಕೀಲು ಸರಿಯಾಗಿ ಕೂರದಿರುವುದು, ಚರ್ಮದ ಅಲರ್ಜಿ, ಕಿವಿ ಸೋಂಕು ಜಾಸ್ತಿ. ಇದ್ಯಾವುದೂ ಅಪಘಾತ ಅಲ್ಲ. ಕೀಲಿನ ತೊಂದರೆ ಹುಟ್ಟಿನಿಂದ ಬಂದದ್ದು, ವಂಶದಿಂದ ಬಂದದ್ದು ಅಂತ ಹೊರಗಿಡುವ ಪಾಲಿಸಿಗಳಿವೆ. ಲ್ಯಾಬ್ ಸಾಕಿದವರು ಅಂಥದ್ದನ್ನು ತಗೊಂಡು ಏನು ಪ್ರಯೋಜನ ಹೇಳಿ. ಪಗ್ ಇರುವವರು ಉಸಿರಾಟದ ಬಗ್ಗೆ, ಡ್ಯಾಶ್‌ಹುಂಡ್ ಇರುವವರು ಬೆನ್ನುಮೂಳೆಯ ಬಗ್ಗೆ ಇದೇ ಪ್ರಶ್ನೆ ಕೇಳಬೇಕು.

ಎರಡನೆಯದು, ಜನ ಗಮನಿಸದೆ ಬಿಡುವ ವಿಷಯ: ಕಾಯಿಲೆಯೊಂದು ಮುಂದಿನ ವರ್ಷಕ್ಕೂ ಹೋದರೆ ಏನು? ಕೆಲವು ಪಾಲಿಸಿಗಳು ಒಂದು ಕಾಯಿಲೆಗೆ 12 ತಿಂಗಳು ಮಾತ್ರ ಕೊಟ್ಟು ಆಮೇಲೆ ಕೈತೊಳೆದುಕೊಳ್ಳುತ್ತವೆ. ಕೆಲವು ಒಂದು ಕಾಯಿಲೆಗೆ ಇಷ್ಟು ಮೊತ್ತ ಅಂತ ಇಟ್ಟಿರುತ್ತವೆ, ಅದು ಮುಗಿದರೆ ಮುಗಿಯಿತು. ಇನ್ನು ಕೆಲವು, ನೀವು ಬಿಡದೆ ನವೀಕರಿಸುತ್ತಾ ಹೋದರೆ, ಪ್ರತಿ ವರ್ಷ ಮಿತಿಯನ್ನು ಮತ್ತೆ ಹೊಸದಾಗಿ ಕೊಡುತ್ತವೆ. ಸಕ್ಕರೆ ಕಾಯಿಲೆ ಬಂದ ನಾಯಿಗೆ ಸಾಮಾನ್ಯವಾಗಿ ಬದುಕಿರುವಷ್ಟು ಕಾಲ ಇನ್ಸುಲಿನ್ ಬೇಕು. ಅಲರ್ಜಿಯೂ ಹಾಗೇ, ವರ್ಷ ವರ್ಷ ಬರುತ್ತದೆ. 12 ತಿಂಗಳು ಮಾತ್ರ ಕೊಡುವ ಪಾಲಿಸಿ ಇದ್ದವರು ಎರಡನೇ ವರ್ಷ ನಮ್ಮ ಕೌಂಟರ್ ಮುಂದೆ ನಿಂತು ಅಳುವುದನ್ನು ನೋಡಿದ್ದೇನೆ. ಆಗ ಬೇರೆ ಕಂಪನಿಗೆ ಹೋಗೋಣ ಅಂದರೆ ಅಲ್ಲಿ ಅದು ಹಳೆಯ ಕಾಯಿಲೆ.

ಲಸಿಕೆ, ಚೆಕಪ್ ಸೇರಿಸಿದ ಪಾಲಿಸಿಗೆ ಹೆಚ್ಚು ಯೋಚನೆ ಬೇಡ. ಹೆಚ್ಚಾಗುವ ಪ್ರೀಮಿಯಂ ಮತ್ತು ನೀವು ವರ್ಷಕ್ಕೆ ಅದಕ್ಕೆ ಮಾಡುವ ಖರ್ಚು ಪಕ್ಕ ಪಕ್ಕ ಇಟ್ಟು ನೋಡಿ. ಗೊತ್ತಿರುವ ಖರ್ಚಿಗೆ ಇನ್ಶೂರೆನ್ಸ್ ಯಾಕೆ?

ಪಕ್ಕದ ಮನೆ ನಾಯಿ ಅಂದಿರಲ್ಲ, ಸಾಕ್ಸ್ ನುಂಗಿದರೆ ಅದು ಅಪಘಾತವೋ ಕಾಯಿಲೆಯೋ? ನಗಬೇಡಿ, ಒಂದು ಪಾಲಿಸಿಯಲ್ಲಿ ಅಪಘಾತ, ಇನ್ನೊಂದರಲ್ಲಿ ಕಾಯಿಲೆ. ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ.

ಮತ್ತೆ, ಗುಂಡನ ಕಾರ್ಡ್‌ನಲ್ಲಿ ಡಾಕ್ಟರ್ ಏನು ಬರೆದಿದ್ದಾರೆ? "ಕುಂಟುತ್ತಿದೆ" ಅಂತ ಮಾತ್ರ ಇದ್ದು ಕಾರಣ ಇಲ್ಲದಿದ್ದರೆ ಅದೇ ದೊಡ್ಡ ತಲೆನೋವು. ನಾಳೆ ಮಂಡಿ ಕೆಟ್ಟರೆ ಇದರಿಂದಲೇ ಶುರುವಾಗಿತ್ತು ಅನ್ನಬಹುದು.

ಲೆಕ್ಕದ ಮನುಷ್ಯ

ಎಲ್ಲರೂ ಪಾಲಿಸಿ ತಗೊಳ್ಳಿ ಅನ್ನುತ್ತಿದ್ದೀರಿ, ನಾನು ಸ್ವಲ್ಪ ಉಲ್ಟಾ ಹೇಳುತ್ತೇನೆ. ಮಿನ್ನಿಗೆ 9 ವರ್ಷ. ಈ ವಯಸ್ಸಿಗೆ ಕೆಲವರು ಹೊಸದಾಗಿ ಸೇರಿಸಿಕೊಳ್ಳುವುದೇ ಇಲ್ಲ, ಸೇರಿಸಿಕೊಂಡರೂ ಪ್ರೀಮಿಯಂ ವರ್ಷ ವರ್ಷ ಏರುತ್ತದೆ, ಬಿಲ್‌ನಲ್ಲಿ ನೀವು ಕೊಡಬೇಕಾದ ಪಾಲೂ ಏರಬಹುದು. ವಯಸ್ಸಾದ ಬೆಕ್ಕುಗಳಿಗೆ ಬರುವುದು ಹೆಚ್ಚಾಗಿ ಕಿಡ್ನಿ, ಥೈರಾಯ್ಡ್, ಹಲ್ಲು. ಕಾರ್ಡ್‌ನಲ್ಲಿ ಅದರ ಸುಳಿವು ಆಗಲೇ ಇದ್ದರೆ ಕವರ್ ಆಗುವುದಿಲ್ಲ. ಅದೇ ಪ್ರೀಮಿಯಂ ಪ್ರತಿ ತಿಂಗಳು ಬೇರೆ ಖಾತೆಗೆ ಹಾಕಿಡಿ. ನಾನು ನನ್ನ ಎರಡು ಬೆಕ್ಕಿಗೆ ಹಾಗೇ ಮಾಡಿದ್ದೇನೆ.

ಗುಂಡನಿಗಾದರೆ ಲೆಕ್ಕ ನೋಡಿ ತಗೊಳ್ಳಿ. ಡಿಡಕ್ಟಿಬಲ್ ಅಂದರೆ ಮೊದಲು ನೀವು ಕೊಡಬೇಕಾದದ್ದು, ಕೋ-ಪೇ ಅಂದರೆ ಬಿಲ್‌ನಲ್ಲಿ ನಿಮ್ಮ ಪಾಲು. ಬಿಲ್ 100 ಅಂತ ಇಟ್ಟುಕೊಳ್ಳಿ, ಡಿಡಕ್ಟಿಬಲ್ 20, ಕೋ-ಪೇ ಶೇ. 20. ಮೊದಲು ಡಿಡಕ್ಟಿಬಲ್ ಕಳೆದರೆ ಉಳಿದ 80ರಲ್ಲಿ ನಿಮಗೆ 64 ಬರುತ್ತದೆ. ಮೊದಲು ಕೋ-ಪೇ ಕಳೆದು ಆಮೇಲೆ ಡಿಡಕ್ಟಿಬಲ್ ಕಳೆದರೆ 60. ಅಂಕಿ ಅವೇ, ಕೈಗೆ ಬರುವುದು ಬೇರೆ. ಡಿಡಕ್ಟಿಬಲ್ ವರ್ಷಕ್ಕೊಮ್ಮೆಯೋ ಪ್ರತಿ ಕಾಯಿಲೆಗೋ ಅಂತಲೂ ಕೇಳಿ.

ರಾಜನ ಹಗ್ಗ ಹಿಡಿದವನು

ಖಾತೆಗೆ ಹಾಕಿಡಿ ಅನ್ನುವುದು ಕೇಳಲು ಚೆನ್ನಾಗಿದೆ ಸರ್. ಮೂರನೇ ತಿಂಗಳಿಗೇ ಆಪರೇಷನ್ ಬಂದರೆ ಆ ಖಾತೆಯಲ್ಲಿ ಏನಿರುತ್ತದೆ?

ಲೆಕ್ಕದ ಮನುಷ್ಯ

ಒಪ್ಪಿದೆ. ಮೊದಲೇ ಒಂದಿಷ್ಟು ಕೂಡಿಟ್ಟವರಿಗೆ ಮಾತ್ರ ನನ್ನ ದಾರಿ. ಆದರೆ ಪಾಲಿಸಿ ಇದ್ದರೂ ಸಾಮಾನ್ಯವಾಗಿ ಮೊದಲು ನೀವೇ ಬಿಲ್ ಕಟ್ಟಿ ಆಮೇಲೆ ವಾಪಸ್ ಪಡೆಯುವುದು ಅಲ್ವಾ? ಹಾಗಾಗಿ ಕೈಯಲ್ಲಿ ಸ್ವಲ್ಪ ಇರಲೇಬೇಕು.

ತುಂಟನ ತಂದೆ

ಒಂದೇ ಮಾತು. ಗುಂಡ ರಸ್ತೆಗೆ ಓಡಿ ಯಾರಾದರೂ ಗಾಡಿಯಿಂದ ಬಿದ್ದರೆ, ಅಥವಾ ಯಾರನ್ನಾದರೂ ಕಚ್ಚಿದರೆ, ಅದರ ಪರಿಹಾರ ನಿಮ್ಮ ತಲೆ ಮೇಲೆ ಬರಬಹುದು. ಮೂರನೆಯವರಿಗೆ ಆದ ನಷ್ಟ ತುಂಬಿಕೊಡುವ ಭಾಗ ಪಾಲಿಸಿಯಲ್ಲಿ ಇದೆಯೇ ನೋಡಿ. ಎಲ್ಲದರಲ್ಲೂ ಇರುವುದಿಲ್ಲ.

ಗುಂಡನ ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಕ್ಲಿನಿಕ್ಕಿಗೆ ಹೋಗಿ ಕಾರ್ಡ್ ತೆಗೆಸಿದೆ. "ಹಿಂದಿನ ಎಡಗಾಲು ಕುಂಟು" ಅಂತ ಇದೆ, ಅಷ್ಟೇ. ಆದರೆ ನನಗೆ ನೆನಪಿದೆ, ಪಾದದಿಂದ ಮುಳ್ಳು ತೆಗೆದಿದ್ದರು. ಡಾಕ್ಟರಿಗೆ ಹೇಳಿದೆ, ಅವರು ಆ ದಿನದ ಬಿಲ್ ಹುಡುಕಿದರು, ಮುಳ್ಳು ತೆಗೆದಿದ್ದಕ್ಕೆ ಚಾರ್ಜ್ ಮಾಡಿದ್ದು ಅದರಲ್ಲಿ ಇತ್ತು. ಮಂಡಿಗೂ ಅದಕ್ಕೂ ಸಂಬಂಧ ಇಲ್ಲ ಅಂತ ಒಂದು ಪತ್ರ ಬರೆದುಕೊಟ್ಟರು. ಅದನ್ನೂ ಬಿಲ್ಲನ್ನೂ ಫಾರಂ ಜೊತೆ ಕಳಿಸಿದ್ದೇನೆ, ಎಡಗಾಲನ್ನು ಹೊರಗಿಡುತ್ತೀರಾ ಇಲ್ಲವಾ ಅಂತ ಈಗಲೇ ಬರೆದು ತಿಳಿಸಿ ಅಂತ ಕೇಳಿದ್ದೇನೆ.

ಗುಂಡನಿಗೆ ಅಪಘಾತ, ಕಾಯಿಲೆ ಎರಡಕ್ಕೂ ಇರುವ ಪಾಲಿಸಿ, ಪ್ರತಿ ವರ್ಷ ಮಿತಿ ಹೊಸದಾಗುವಂಥದ್ದು. ಮಿನ್ನಿಗೆ ಖಾತೆ.

ಸಾಕ್ಸ್ ವಿಷಯವೂ ಕೇಳಿದೆ. ಅವರಲ್ಲಿ ಅದು ಕಾಯಿಲೆಯಂತೆ! ಅಂದರೆ 14 ದಿನ ಕಾಯಬೇಕು. ಅಲ್ಲಿಯವರೆಗೆ ಮನೆಯ ಸಾಕ್ಸ್ ಎಲ್ಲಾ ಬೀರುವಿನ ಮೇಲಿನ ಖಾನೆಯಲ್ಲಿ.