ಶಿವಮೊಗ್ಗ: ಬೀದಿಬದಿಯಲ್ಲಿ ಮಲಗುವವರ ರಾತ್ರಿಯೂಟಕ್ಕೆ ಸಹಾಯ ಬೇಕು

ಸದಸ್ಯರೆಲ್ಲರಿಗೂ ನಮಸ್ಕಾರ. ಬಸ್ ನಿಲ್ದಾಣ, ರೈಲು ನಿಲ್ದಾಣ ಹಾಗೂ ಗಾಂಧಿ ಬಜಾರಿನ ಅಂಗಡಿಗಳ ಜಗಲಿಗಳಲ್ಲಿ ರಾತ್ರಿ ಕಳೆಯುವವರಿಗೆ ನಮ್ಮ ಸಭೆಯ ಕೆಲವು ಕುಟುಂಬಗಳು ಬುಧವಾರ ಮತ್ತು ಭಾನುವಾರ ಬಿಸಿಯೂಟ ಒಯ್ಯುತ್ತಿವೆ. ಕ್ರಿಸ್ತನ ಮೇಲಿನ ಭಕ್ತಿಯಿಂದ ಈ ಸೇವೆಗೆ ಇಳಿದಿದ್ದೇವೆಯಾದರೂ, ಊಟಕ್ಕೆ ಬಂದವರ ಜಾತಿ, ಧರ್ಮಗಳನ್ನು ನಾವು ಕೇಳುವುದಿಲ್ಲ. ಪ್ರಾರ್ಥನೆಗೆ ಬರಬೇಕೆಂಬ ಷರತ್ತೂ ಇಲ್ಲ.

ಮಳೆಗಾಲದಲ್ಲಿ ಕಷ್ಟ ಹೆಚ್ಚು. ಜಡಿಮಳೆ ಹಿಡಿದರೆ ಅವರು ಮಲಗುವ ಜಾಗ ಬದಲಾಗುವುದರಿಂದ ಒಬ್ಬೊಬ್ಬರನ್ನೂ ಹುಡುಕಿಕೊಂಡು ಹೋಗಬೇಕಾಗುತ್ತದೆ, ಅಷ್ಟರಲ್ಲಿ ಅನ್ನ ಆರಿ ಹೋಗಿರುತ್ತದೆ. ಹಲ್ಲಿಲ್ಲದ ವೃದ್ಧರಿಗೆ ತಣ್ಣನೆಯ ಗಟ್ಟಿ ಅನ್ನ ನುಂಗುವುದು ಎಷ್ಟು ಕಷ್ಟವೆಂಬುದನ್ನು ಹತ್ತಿರದಿಂದ ಕಂಡ ಮೇಲೆ ಅವರಿಗಾಗಿ ಮೆತ್ತನೆಯ ಗಂಜಿಯನ್ನು ಪ್ರತ್ಯೇಕವಾಗಿ ಮಾಡುತ್ತಿದ್ದೇವೆ.

ಆದ್ದರಿಂದ ಬಿಸಿ ಆರದಂತೆ ಇಡುವ ದೊಡ್ಡ ಡಬ್ಬಿಗಳು, ಅಕ್ಕಿ, ತೊಗರಿಬೇಳೆ ಮತ್ತು ಅಡಿಕೆ ಹಾಳೆಯ ತಟ್ಟೆಗಳು ಬೇಕಾಗಿವೆ. ಇವೆಲ್ಲಕ್ಕಿಂತ ಮುಖ್ಯವಾಗಿ, ರಾತ್ರಿ ಎಂಟರಿಂದ ಹತ್ತರವರೆಗೆ ಓಮ್ನಿಯಂತಹ ವಾಹನದೊಡನೆ ಬರಬಲ್ಲ ಒಬ್ಬರು ಬೇಕು. ನಗರ ಪ್ರದೇಶದಲ್ಲಿ ಮನೆಯಿಲ್ಲದವರಿಗಾಗಿ ವಸತಿಕೇಂದ್ರ ಇರಬೇಕೆಂಬ ನಿಯಮವಿದೆ. ಅಲ್ಲಿಗೆ ಸೇರಿಸುವ ಕ್ರಮ ಬಲ್ಲವರಿದ್ದರೆ ದಯವಿಟ್ಟು ತಿಳಿಸಿ. ಊಟ ಮಾಡುವವರ ಫೋಟೊ ತೆಗೆಯಲು ಮಾತ್ರ ನಾವು ಯಾರಿಗೂ ಅವಕಾಶ ಕೊಡುವುದಿಲ್ಲ. ನೆರವಾಗಬಲ್ಲವರು ಇಲ್ಲಿಯೇ ಉತ್ತರಿಸಬೇಕೆಂದು ವಿನಂತಿ.